ಪಾಠ ಮಾಡಿದ ದಿನ ಬರುತ್ತದೆ, ತಿಂಗಳು ಬಿಟ್ಟರೆ ಬರುವುದಿಲ್ಲ: 7ನೇ ತರಗತಿಗೆ ಪುನರಾವರ್ತನೆ ಹೇಗೆ ಹೊಂದಿಸಬೇಕು?

ಏಳನೇ ಬಿ ಸೆಕ್ಷನ್

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ 7ನೇ ತರಗತಿ, 42 ಮಕ್ಕಳು, ವಿಷಯ ಗಣಿತ ಮತ್ತು ವಿಜ್ಞಾನ, ಪೀರಿಯಡ್ 40 ನಿಮಿಷ. ಪಾಠ ಮಾಡಿದ ದಿನವೇ ಲೆಕ್ಕ ಕೊಟ್ಟರೆ ಮುಕ್ಕಾಲು ಪಾಲು ಮಕ್ಕಳು ಸರಿ ಮಾಡುತ್ತಾರೆ. ಅದೇ ಲೆಕ್ಕ ಸಂಖ್ಯೆ ಬದಲಾಗಿ ಎಸ್‌ಎ-1ರಲ್ಲಿ (ಮೊದಲ ಸಂಕಲನಾತ್ಮಕ ಪರೀಕ್ಷೆಯಲ್ಲಿ) ಬಂದಾಗ ಅರ್ಧದಷ್ಟು ಮಕ್ಕಳು ಖಾಲಿ ಬಿಡುತ್ತಾರೆ, ಇಲ್ಲವೇ ಬೇರೆಯದೇ ಸೂತ್ರ ಹಾಕುತ್ತಾರೆ. ವಿಜ್ಞಾನದಲ್ಲೂ ಹೀಗೇ. ದ್ಯುತಿಸಂಶ್ಲೇಷಣೆ ಎಂದರೇನು ಎಂದು ಕೇಳಿದರೆ ವ್ಯಾಖ್ಯೆ ಒಪ್ಪಿಸುತ್ತಾರೆ. ಎಲೆಯ ಮೇಲೆ ಕಪ್ಪು ಕಾಗದ ಸುತ್ತಿಟ್ಟರೆ ಆ ಭಾಗದಲ್ಲಿ ಪಿಷ್ಟ ಏಕೆ ಸಿಗುವುದಿಲ್ಲ ಎಂದರೆ ಸುಮ್ಮನಾಗುತ್ತಾರೆ.

ಈಗ ನಡೆಯುತ್ತಿರುವ ಪುನರಾವರ್ತನೆ ಇಷ್ಟು: ಪರೀಕ್ಷೆಗೆ ಒಂದು ವಾರ ಮೊದಲು ಪಾಠ ಮತ್ತೆ ಓದಿಸುವುದು, ಮುಖ್ಯವಾದ ಸಾಲಿನ ಕೆಳಗೆ ಗೆರೆ ಎಳೆಸುವುದು, ತಪ್ಪಿದ ಉತ್ತರವನ್ನು ಐದು ಸಲ ಬರೆಸುವುದು.

ಕೇಳಬೇಕಾದದ್ದು: ಮತ್ತೆ ಓದಿಸುವುದಕ್ಕಿಂತ ಆಗಾಗ ಪ್ರಶ್ನೆ ಕೇಳುವುದು ಮೇಲು ಎನ್ನುವ ಸಂಶೋಧನೆ ನಮ್ಮಂಥ ತರಗತಿಗೆ ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ? ಎಷ್ಟು ದಿನ ಬಿಟ್ಟು ಕೇಳಬೇಕು? 40 ನಿಮಿಷದಲ್ಲಿ ಇದಕ್ಕೆ ಎಷ್ಟು ಹೊತ್ತು ತೆಗೆದಿಡಬಹುದು? ಅಂಕ ಕೊಡಬೇಕೆ?

ಕರಿಹಲಗೆ

ಮೊದಲು ಒಂದು ಮಾತು. ಪಾಠ ಮಾಡಿದ ದಿನ ಮಕ್ಕಳು ಸರಿ ಮಾಡಿದ್ದನ್ನು ಕಲಿಕೆ ಎಂದು ಎಣಿಸಬೇಡಿ. ಹತ್ತು ನಿಮಿಷದ ಹಿಂದೆ ಬೋರ್ಡಿನಲ್ಲಿ ಕಂಡದ್ದು ಇನ್ನೂ ತಲೆಯಲ್ಲಿ ಬಿಸಿಯಾಗಿಯೇ ಇರುತ್ತದೆ. ಅದನ್ನು ಹುಡುಕಿ ತೆಗೆಯುವ ಕೆಲಸವೇ ಆಗ ಬೇಕಿಲ್ಲ. ಈ ವಿಷಯದಲ್ಲಿ ನಡೆದಿರುವ ಸಂಶೋಧನೆಯ ದೊಡ್ಡ ಪಾಲು ಇದನ್ನೇ ಹೇಳುತ್ತದೆ: ಅಭ್ಯಾಸದ ಹೊತ್ತಿನಲ್ಲಿ ಯಾವುದು ಸಲೀಸಾಗಿ ಕಾಣುತ್ತದೋ ಅದು ವಾರದ ನಂತರ ಉಳಿದಿರುವುದು ಕಡಿಮೆ.

ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಕಾಲೇಜು ವಿದ್ಯಾರ್ಥಿಗಳಿಗೆ ಚಿಕ್ಕ ಗದ್ಯಭಾಗಗಳನ್ನು ಕೊಟ್ಟರು. ಒಂದು ಭಾಗವನ್ನು ಎರಡು ಸಲ ಓದಬೇಕು. ಇನ್ನೊಂದನ್ನು ಒಂದು ಸಲ ಓದಿ, ಮುಚ್ಚಿಟ್ಟು, ನೆನಪಾದದ್ದನ್ನು ಬರೆಯಬೇಕು. 5 ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದ್ದರಲ್ಲಿ ಶೇ. 81 ನೆನಪಿತ್ತು, ಮುಚ್ಚಿ ಬರೆದದ್ದರಲ್ಲಿ ಶೇ. 75. ಎರಡು ದಿನ ಬಿಟ್ಟು ನೋಡಿದರೆ ಲೆಕ್ಕ ತಿರುಗಿಬಿದ್ದಿತ್ತು: 54ಕ್ಕೆ 68. ವಾರದ ನಂತರ 42ಕ್ಕೆ 56. ಎರಡನೆಯ ಪ್ರಯೋಗದಲ್ಲಿ ನಾಲ್ಕು ಸಲ ಓದಿದವರಿಗೆ ವಾರದ ನಂತರ ಶೇ. 40 ಉಳಿದಿತ್ತು. ಒಂದೇ ಸಲ ಓದಿ ಮೂರು ಸಲ ಮುಚ್ಚಿ ಬರೆದವರಿಗೆ ಶೇ. 61. ಆದರೆ 'ನಿನಗೆ ಎಷ್ಟು ನೆನಪಿರಬಹುದು' ಎಂದು ಮೊದಲೇ ಕೇಳಿದಾಗ ಹೆಚ್ಚು ಧೈರ್ಯ ತೋರಿಸಿದವರು ನಾಲ್ಕು ಸಲ ಓದಿದವರೇ! ಮಕ್ಕಳು, ಪೋಷಕರು, ನಾವು ಎಲ್ಲರೂ ಮತ್ತೆ ಮತ್ತೆ ಓದುವುದನ್ನೇ ನಂಬುವುದಕ್ಕೆ ಕಾರಣ ಇದು. ಓದಿದ್ದು ಪರಿಚಿತವಾಗಿ ಕಾಣುತ್ತದೆ, ಪರಿಚಯವನ್ನೇ ನೆನಪು ಎಂದುಕೊಳ್ಳುತ್ತೇವೆ.

ಅದು ಕಾಲೇಜಿನ ಮಾತಾಯಿತು, ಶಾಲೆಯಲ್ಲಿ? ಅಮೆರಿಕದ ಇಲಿನಾಯ್ಸ್‌ನ ಒಂದು ಮಿಡ್ಲ್ ಸ್ಕೂಲಿನಲ್ಲಿ ಇದೇ ಗುಂಪಿನವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. 2011ರಲ್ಲಿ ಬಂದ 8ನೇ ತರಗತಿ ವಿಜ್ಞಾನದ ಅಧ್ಯಯನದಲ್ಲಿ ಅದೇ ಮಕ್ಕಳು, ಅದೇ ಶಿಕ್ಷಕರು. ಕಿರುಪ್ರಶ್ನೆ ಕೇಳಿದ್ದ ಭಾಗದಲ್ಲಿ ಘಟಕ ಪರೀಕ್ಷೆಯ ಸರಾಸರಿ ಶೇ. 92, ಕೇಳದೆ ಬಿಟ್ಟ ಭಾಗದಲ್ಲಿ ಶೇ. 79. 2013ರಲ್ಲಿ ಡನ್ಲೋಸ್ಕಿ ಮತ್ತು ಸಂಗಡಿಗರು ಹತ್ತು ಓದುವ ವಿಧಾನಗಳನ್ನು ತೂಗಿ ನೋಡಿದರು. ಮೇಲಿನ ಸಾಲಿಗೆ ಬಂದವು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹಂಚುವುದು. ಗೆರೆ ಎಳೆಯುವುದು ಮತ್ತು ಮತ್ತೆ ಓದುವುದು ಕೊನೆಯ ಸಾಲಿನಲ್ಲಿವೆ. ತಪ್ಪಿದ್ದನ್ನು ಐದು ಸಲ ಬರೆಸುವುದರಲ್ಲಿ ಮೊದಲನೆಯದೇನೋ ಓದು, ಉಳಿದ ನಾಲ್ಕು ಕೈಗೆ ಕೆಲಸ.

ಎಷ್ಟು ದಿನದ ಅಂತರ ಎನ್ನುವುದಕ್ಕೆ ಸೆಪೆಡಾ ಮತ್ತು ಸಂಗಡಿಗರ 2008ರ ಅಧ್ಯಯನ ಹಿಡಿತ ಕೊಡುತ್ತದೆ. 1,300ಕ್ಕೂ ಹೆಚ್ಚು ಜನರಿಗೆ ಅಪರಿಚಿತ ಸಂಗತಿಗಳನ್ನು ಕಲಿಸಿ, ಎರಡನೆಯ ಅಭ್ಯಾಸವನ್ನು ಬೇರೆ ಬೇರೆ ಅಂತರದಲ್ಲಿ ಕೊಟ್ಟು, ಕೊನೆಗೆ ಪರೀಕ್ಷಿಸಿದರು. ಪರೀಕ್ಷೆ 7 ದಿನಕ್ಕಿದ್ದರೆ ಅತ್ಯುತ್ತಮ ಅಂತರ 1 ದಿನ. 35 ದಿನಕ್ಕಿದ್ದರೆ 11 ದಿನ. 70 ದಿನಕ್ಕೂ 350 ದಿನಕ್ಕೂ 21 ದಿನ. ಅವರೆಲ್ಲ ದೊಡ್ಡವರು, ಕಲಿತದ್ದು ಬಿಡಿ ಸಂಗತಿಗಳು. ಆದ್ದರಿಂದ 11 ಎನ್ನುವ ಅಂಕಿಯನ್ನೇ ಹಿಡಿದು ಕೂರಬೇಡಿ. ಇಲ್ಲಿಂದ ತೆಗೆದುಕೊಳ್ಳಬೇಕಾದ್ದು ಎರಡು. ಪರೀಕ್ಷೆ ದೂರವಿದ್ದಷ್ಟೂ ಅಂತರ ಹಿಗ್ಗಬೇಕು. ಅಂತರ ಸ್ವಲ್ಪ ಹೆಚ್ಚಾದರೆ ಆಗುವ ನಷ್ಟ ಚಿಕ್ಕದು, ತೀರಾ ಕಡಿಮೆಯಾದರೆ ಆಗುವ ನಷ್ಟ ದೊಡ್ಡದು.

ತರಗತಿಗೆ ಇಳಿಸಿದರೆ ಹೀಗಾಗುತ್ತದೆ. ಪೀರಿಯಡಿನ ಮೊದಲ 6 ನಿಮಿಷ, ಹಾಜರಿ ಮುಗಿದ ಕೂಡಲೇ, ಬೋರ್ಡಿನಲ್ಲಿ ನಾಲ್ಕು ಪ್ರಶ್ನೆ. ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಮೂರು ವಾರದ ಹಿಂದಿನದು. ನಾಲ್ಕನೆಯದು 'ಏಕೆ' ಎನ್ನುವ ಪ್ರಶ್ನೆ, ಯಾವ ಪಾಠದ್ದಾದರೂ ಸರಿ. ಪುಸ್ತಕ, ನೋಟ್ಸ್ ಮುಚ್ಚಿ ರಫ್ ಪುಸ್ತಕದ ಹಿಂಬದಿಯಲ್ಲಿ 3 ನಿಮಿಷ ಬರೆಯಲಿ. ಆಮೇಲೆ 2 ನಿಮಿಷ ನೀವು ಉತ್ತರ ಹೇಳಿ. ತಪ್ಪಿದ್ದನ್ನು ಮಕ್ಕಳು ಬೇರೆ ಬಣ್ಣದ ಪೆನ್ನಿನಲ್ಲಿ ತಾವೇ ತಿದ್ದಲಿ. ಕೊನೆಯ ನಿಮಿಷ ಕೈ ಎತ್ತಿಸಿ ಎಣಿಸಿಕೊಳ್ಳಿ. ಪ್ರತಿ ಪ್ರಶ್ನೆಯ ಮುಂದೆ ನಿಮ್ಮ ಪುಸ್ತಕದಲ್ಲಿ ಒಂದು ಸಂಖ್ಯೆ ಸಾಕು: 42ರಲ್ಲಿ ಎಷ್ಟು. 34ಕ್ಕಿಂತ ಹೆಚ್ಚು ಮಂದಿಗೆ ಬಂದಿದ್ದರೆ ಆ ಪ್ರಶ್ನೆಯನ್ನು ಮೂರು ವಾರ ಮುಂದಕ್ಕೆ ತಳ್ಳಿ. 20ಕ್ಕಿಂತ ಕಡಿಮೆ ಇದ್ದರೆ ಅದು ಮರೆವಲ್ಲ, ಕಲಿತೇ ಇಲ್ಲ. ಪ್ರಶ್ನೆ ನಿಲ್ಲಿಸಿ ಪಾಠ ಮತ್ತೆ ಮಾಡಿ. ನಡುವೆ ಇದ್ದರೆ ಎರಡು ದಿನ ಬಿಟ್ಟು ಇನ್ನೊಮ್ಮೆ. ಈ 34, 20 ಯಾವ ಪ್ರಬಂಧದ್ದೂ ಅಲ್ಲ, ಕೆಲಸಕ್ಕೆ ಬರುವ ಅಂದಾಜು.

ಅಂಕ ಬೇಡ. ಏಕೆಂದು ಕೆಳಗೆ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಬರೆಯುತ್ತೇನೆ.

ಇದು ಕೆಡುವ ದಾರಿಗಳೂ ಇವೆ. ಬಾಯಲ್ಲಿ ಪ್ರಶ್ನೆ ಕೇಳಿ ಕೈ ಎತ್ತಿದ ಐದು ಮಕ್ಕಳಿಂದ ಉತ್ತರ ಹೇಳಿಸಿದರೆ ಐದೇ ತಲೆಗಳು ದುಡಿಯುತ್ತವೆ, 37 ಮಕ್ಕಳು ಕೇಳಿಸಿಕೊಳ್ಳುತ್ತಾರೆ ಅಷ್ಟೇ. ಎಲ್ಲರೂ ಒಟ್ಟಿಗೆ ಕೂಗಿ ಹೇಳುವುದೂ ಹಾಗೆಯೇ: ಮುಂದಿನ ಬೆಂಚಿನವರು ಹೇಳಿದ್ದನ್ನು ಹಿಂದಿನವರು ಅರ್ಧ ಸೆಕೆಂಡ್ ತಡವಾಗಿ ಹೇಳುತ್ತಾರೆ. ಬಾಯಲ್ಲೇ ಕೇಳಬೇಕಾದರೆ ಪ್ರಶ್ನೆ ಮೊದಲು, ಮೌನ ಆಮೇಲೆ, ಹೆಸರು ಕೊನೆಗೆ. ಮೇರಿ ಬಡ್ ರೋ 1970ರ ದಶಕದಲ್ಲಿ ಅಳೆದು ನೋಡಿದ್ದು ಇದನ್ನೇ: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡ್ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, 'ಗೊತ್ತಿಲ್ಲ' ಕಡಿಮೆಯಾಯಿತು. ಇನ್ನೊಂದು ತಪ್ಪು ಎಂದರೆ ಬಿಟ್ಟ ಸ್ಥಳ ತುಂಬಿಸಿ, ಸರಿ-ತಪ್ಪು ಗುರುತಿಸಿ ಎನ್ನುವ ನಮೂನೆಯನ್ನೇ ಕೊಡುವುದು. ಅಲ್ಲಿ ಅರ್ಧ ಉತ್ತರ ಪ್ರಶ್ನೆಯಲ್ಲೇ ಇರುತ್ತದೆ, ನೆನಪಿಗೆ ಶ್ರಮ ಕಡಿಮೆ.

ಬೆರಕೆ ಲೆಕ್ಕ

ಕರಿಹಲಗೆಯವರು ಹೇಳಿದ್ದಕ್ಕೆ ಗಣಿತದ ಕಡೆಯಿಂದ ಒಂದು ಸೇರಿಸಬೇಕು. ಬೇರೆಯದೇ ಸೂತ್ರ ಹಾಕುತ್ತಾರೆ ಎಂದಿರಲ್ಲ, ಅದು ಮರೆವಿನ ಸಮಸ್ಯೆ ಅಲ್ಲ. ಯಾವ ಸೂತ್ರ ಎಂದು ಆರಿಸುವುದನ್ನು ಆ ಮಕ್ಕಳು ಎಂದೂ ಅಭ್ಯಾಸ ಮಾಡಿಯೇ ಇಲ್ಲ. ಪುಸ್ತಕದ ಒಂದು ಅಭ್ಯಾಸದಲ್ಲಿ ಹತ್ತೂ ಲೆಕ್ಕ ಸರಳಬಡ್ಡಿಯದ್ದೇ ಆದರೆ ಪ್ರಶ್ನೆ ಓದುವ ಅಗತ್ಯವೇ ಇಲ್ಲ. ಮೂರು ಸಂಖ್ಯೆ ಹೆಕ್ಕಿ ಗುಣಿಸಿ ನೂರರಿಂದ ಭಾಗಿಸಿದರೆ ಮುಗಿಯಿತು.

ರೋರರ್ ಮತ್ತು ಟೇಲರ್ 2007ರಲ್ಲಿ ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವುದನ್ನು ಎರಡು ಗುಂಪಿಗೆ ಕಲಿಸಿದರು. ಒಂದು ಗುಂಪಿಗೆ ಬಗೆಬಗೆಯಾಗಿ ಕಂತೆ ಕಟ್ಟಿದ ಲೆಕ್ಕ, ಇನ್ನೊಂದಕ್ಕೆ ಅವೇ ಲೆಕ್ಕಗಳನ್ನು ಕಲಸಿ. ಅಭ್ಯಾಸದ ಹೊತ್ತಿನಲ್ಲಿ ಕಂತೆಯವರು ಶೇ. 89 ಸರಿ, ಬೆರಕೆಯವರು ಶೇ. 60. ವಾರದ ನಂತರ ಕಂತೆಯವರು ಶೇ. 20ಕ್ಕೆ ಕುಸಿದಿದ್ದರು. ಬೆರಕೆಯವರು ಶೇ. 63ರಲ್ಲೇ ಇದ್ದರು. ಅವರು ಕಾಲೇಜಿನವರು, ಆದರೆ 2020ರಲ್ಲಿ ಇದೇ ರೋರರ್ ಮತ್ತು ಸಂಗಡಿಗರು ಫ್ಲಾರಿಡಾದ 54 ಏಳನೇ ತರಗತಿಗಳಲ್ಲಿ ಸುಮಾರು ನಾಲ್ಕು ತಿಂಗಳು ಇದನ್ನು ನಡೆಸಿದರು. ತಿಂಗಳು ಬಿಟ್ಟು ಹೇಳದೆ ಕೊಟ್ಟ ಪರೀಕ್ಷೆಯಲ್ಲಿ ಬೆರಕೆ ತರಗತಿಗಳದು ಶೇ. 61, ಕಂತೆ ತರಗತಿಗಳದು ಶೇ. 38. ನಿಮ್ಮ ತರಗತಿಯ ವಯಸ್ಸೇ, ನಿಮ್ಮ ವಿಷಯವೇ.

ಹೊಸ ಪುಸ್ತಕ ಬೇಕಿಲ್ಲ. ಹೋಂವರ್ಕಿಗೆ ಹತ್ತು ಲೆಕ್ಕ ಕೊಡುವುದಾದರೆ ನಾಲ್ಕು ಇಂದಿನ ಪಾಠದ್ದು, ಆರು ಹಿಂದಿನ ಪಾಠಗಳಿಂದ. ಒಂದೇ ಜಾತಿಯ ಎರಡು ಲೆಕ್ಕ ಒಂದರ ಪಕ್ಕ ಒಂದು ಬರಬಾರದು. ಇಂದಿನ ಅಭ್ಯಾಸದಲ್ಲಿ ಉಳಿದ ಆರು ಲೆಕ್ಕಗಳನ್ನು ಮುಂದಿನ ಮೂರು ವಾರಕ್ಕೆ ಹಂಚಿಬಿಡಿ. ಒಟ್ಟು ಲೆಕ್ಕಗಳ ಸಂಖ್ಯೆ ಒಂದೂ ಹೆಚ್ಚುವುದಿಲ್ಲ, ಜಾಗ ಬದಲಾಗುತ್ತದೆ ಅಷ್ಟೇ.

ಬೆರಕೆ ಎಂದರೆ ಸಿಕ್ಕಿದ್ದನ್ನೆಲ್ಲ ಕಲಸುವುದೂ ಅಲ್ಲ. ನೋಡಲು ಒಂದೇ ಥರ ಕಂಡು ಒಳಗೆ ಬೇರೆ ಇರುವ ಲೆಕ್ಕಗಳು ಹತ್ತಿರ ಹತ್ತಿರ ಬರಬೇಕು:

12 ಮೀ ಉದ್ದ, 5 ಮೀ ಅಗಲದ ಕೈತೋಟ. ಸುತ್ತ ಬೇಲಿಗೆ ಎಷ್ಟು ಮೀಟರ್ ತಂತಿ? (34 ಮೀ)
ಅದೇ ತೋಟಕ್ಕೆ ಹುಲ್ಲು ಹಾಸಲು ಎಷ್ಟು ಚದರ ಮೀಟರ್? (60)
ಅದೇ ಬೇಲಿಗೆ 2 ಮೀಟರಿಗೊಂದು ಕಂಬ ನೆಟ್ಟರೆ ಎಷ್ಟು ಕಂಬ? (17)
ಮುಕ್ಕಾಲು ಕೆಜಿ ಬೆಲ್ಲದಲ್ಲಿ ಮೂರರಲ್ಲಿ ಎರಡು ಭಾಗ ಖರ್ಚಾಯಿತು. ಖರ್ಚಾದದ್ದೆಷ್ಟು? (ಅರ್ಧ ಕೆಜಿ)
ಮುಕ್ಕಾಲು ಕೆಜಿ ಬೆಲ್ಲವನ್ನು ಅರೆಪಾವು ಕೆಜಿ, ಅಂದರೆ 1/8 ಕೆಜಿಯ ಪೊಟ್ಟಣ ಕಟ್ಟಿದರೆ ಎಷ್ಟು ಪೊಟ್ಟಣ? (6)

ಕೊನೆಯ ಎರಡರಲ್ಲಿ ಒಂದು ಗುಣಾಕಾರ, ಒಂದು ಭಾಗಾಕಾರ. ಎರಡರಲ್ಲೂ ಮುಕ್ಕಾಲು ಕೆಜಿ ಬೆಲ್ಲವೇ. ಮಗು ಪ್ರಶ್ನೆ ಓದಲೇಬೇಕು. ಬಿಡಿಸುವ ಮೊದಲು ಐದೂ ಲೆಕ್ಕದ ಪಕ್ಕದಲ್ಲಿ 'ಇಲ್ಲಿ ಏನು ಮಾಡಬೇಕು' ಎಂದು ಒಂದು ಪದ ಬರೆಸಿ: ಕೂಡು, ಗುಣಿಸು, ಭಾಗಿಸು, ಸುತ್ತಳತೆ, ವಿಸ್ತೀರ್ಣ. ಸಮಯ ಇಲ್ಲದ ದಿನ ಆ ಪದ ಬರೆಸುವುದಷ್ಟೇ ಸಾಕು, ಬಿಡಿಸದಿದ್ದರೂ ನಡೆಯುತ್ತದೆ.

ಎರಡು ಎಚ್ಚರಿಕೆ. ಹೊಚ್ಚಹೊಸ ವಿಧಾನವನ್ನು ಕಲಿಸಿದ ದಿನವೇ ಕಲಸಬೇಡಿ. ಮೊದಲ ಮೂರು ನಾಲ್ಕು ಲೆಕ್ಕ ಅದೇ ಜಾತಿಯದ್ದೇ ಇರಲಿ. ಎರಡನೆಯದು, ಶುರು ಮಾಡಿದ ಮೊದಲ ಎರಡು ವಾರ ಹೋಂವರ್ಕಿನ ತಪ್ಪುಗಳು ಹೆಚ್ಚುತ್ತವೆ. ಅದನ್ನು ಕಂಡು ಮುಖ್ಯ ಶಿಕ್ಷಕರೂ ಪೋಷಕರೂ ಗಾಬರಿಯಾಗುತ್ತಾರೆ. 89 ಮತ್ತು 60ರ ಕಥೆಯನ್ನು ಅವರಿಗೆ ಮೊದಲೇ ಹೇಳಿಟ್ಟಿರಿ.

ಒತ್ತಕ್ಷರ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಆದರೆ ಒಂದು ಹೆಜ್ಜೆ ಹಿಂದಿನಿಂದ ಶುರು ಮಾಡಬೇಕು ಎನ್ನುವುದು ನನ್ನ ವಾದ. ಖಾಲಿ ಬಿಟ್ಟ ಮಕ್ಕಳಲ್ಲಿ ಎಷ್ಟು ಮಂದಿ ಮರೆತವರು, ಎಷ್ಟು ಮಂದಿ ಪ್ರಶ್ನೆಯನ್ನೇ ಓದಲಾರದವರು? ಇದನ್ನು ಬೇರ್ಪಡಿಸದೆ ಪ್ರಶ್ನೆಗಳ ಪಟ್ಟಿ ಮಾಡಿದರೆ ಎರಡನೆಯ ಗುಂಪಿಗೆ ದಿನಾ ಒಂದು ಸೋಲು ಸೇರುತ್ತದೆ, ಅಷ್ಟೇ.

ಪತ್ತೆ ಮಾಡುವುದು ಸುಲಭ. ಖಾಲಿ ಬಿಟ್ಟ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅದೇ ಪ್ರಶ್ನೆಯನ್ನು ನೀವೇ ನಿಧಾನವಾಗಿ ಓದಿ ಹೇಳಿ. ಬಾಯಲ್ಲಿ ಉತ್ತರ ಬಂದರೆ ಅಡ್ಡಿ ಇರುವುದು ಓದಿನಲ್ಲಿ, ಲೆಕ್ಕದಲ್ಲಲ್ಲ. ಗಫ್ ಮತ್ತು ಟನ್ಮರ್ 1986ರಲ್ಲಿ ಮುಂದಿಟ್ಟ ಸರಳ ಸೂತ್ರ ಇದು: ಓದಿ ಅರ್ಥ ಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಗುಣಿಸು ಭಾಷೆಯ ತಿಳಿವಳಿಕೆ. ಕೂಡು ಅಲ್ಲ, ಗುಣಿಸು. ಒಂದು ಸೊನ್ನೆಯಾದರೆ ಗುಣಲಬ್ಧವೂ ಸೊನ್ನೆ.

ಕನ್ನಡದಲ್ಲಿ ಇದಕ್ಕೆ ತನ್ನದೇ ಆದ ಕಾರಣಗಳಿವೆ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ, ಆದರೆ ಮಗು ಪುಟದ ಮೇಲೆ ಗುರುತಿಸಬೇಕಾದದ್ದು ಕಾಗುಣಿತ, ಒತ್ತು ಎಲ್ಲ ಸೇರಿ ನೂರಾರು ರೂಪಗಳನ್ನು. ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ, ಕನ್ನಡ ಓದುವ 5ರಿಂದ 10 ವರ್ಷದ ಮಕ್ಕಳ ಅಧ್ಯಯನ ತೋರಿಸಿದ್ದು ಇದನ್ನೇ. ಇಂಗ್ಲಿಷಿನ 26 ಅಕ್ಷರಗಳಂತೆ ಮೊದಲ ವರ್ಷದಲ್ಲೇ ಅಕ್ಷರ ಕಲಿಕೆ ಮುಗಿದುಹೋಗುವುದಿಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ. ಒಂದು ಅಕ್ಷರದೊಳಗಿನ ಬಿಡಿ ಧ್ವನಿಗಳ ಅರಿವು ಬರುವುದೂ ನಿಧಾನ. ಆದರೆ ಅಕ್ಷರ ಕಲಿಸುವುದನ್ನು ಎಲ್ಲರೂ ಒಂದು-ಎರಡನೇ ತರಗತಿಯ ಕೆಲಸ ಎಂದುಕೊಂಡಿರುತ್ತೇವೆ. ಅಲ್ಲಿ ಹಿಂದೆ ಬಿದ್ದ ಮಗುವಿಗೆ ಆಮೇಲೆ ಯಾರೂ ಒತ್ತಕ್ಷರ ಹೇಳಿಕೊಡುವುದಿಲ್ಲ.

7ನೇ ತರಗತಿಯಲ್ಲೂ ಮಾಡಬಹುದಾದ ಪರೀಕ್ಷೆ, ಮಗುವಿಗೆ 3 ನಿಮಿಷ. ಹತ್ತು ಹತ್ತು ಪದಗಳ ನಾಲ್ಕು ಪಟ್ಟಿ ಮಾಡಿಕೊಳ್ಳಿ. ಮೊದಲನೆಯದು ಗುಣಿತವಿಲ್ಲದ್ದು: ನಗರ, ಬಸವ, ಹವಳ. ಎರಡನೆಯದು ಕಾಗುಣಿತ: ಕೋಳಿ, ಗೆಳೆಯ, ಮೂಗು. ಇಲ್ಲಿ ಹ್ರಸ್ವ ದೀರ್ಘ ತಪ್ಪುತ್ತದೆಯೇ, ಎ ಏ, ಒ ಓ ಕಲಸಿಹೋಗುತ್ತವೆಯೇ ನೋಡಿ. ಮೂರನೆಯದು ಸಜಾತೀಯ ಒತ್ತು: ಅಪ್ಪ, ಹಬ್ಬ, ಮುತ್ತು, ಅಣ್ಣ, ಹಲ್ಲು. ಪ, ಬಗಳ ಒತ್ತು ಮೂಲ ಅಕ್ಷರದ ಥರವೇ ತಲೆಕಟ್ಟಿಲ್ಲದೆ ಕೂರುತ್ತದೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲಕ್ಕೆ ಹೋಲುವುದೇ ಇಲ್ಲ, ತಪ್ಪುಗಳೂ ಅಲ್ಲೇ ಗುಂಪಾಗಿರುತ್ತವೆ. ನಾಲ್ಕನೆಯದು ವಿಜಾತೀಯ ಒತ್ತು ಮತ್ತು ಅರ್ಕಾವೊತ್ತು: ಪುಸ್ತಕ, ರಾಷ್ಟ್ರ, ಸೂರ್ಯ, ವರ್ಷ. 'ಸೂರ್ಯ'ದಲ್ಲಿ ಬಾಯಿ ಮೊದಲು ಹೇಳುವುದು ರ್, ಕಣ್ಣು ಮೊದಲು ಕಾಣುವುದು ಯ. ಕಣ್ಣಿನ ಕ್ರಮ ಬಾಯಿಯ ಕ್ರಮಕ್ಕೆ ತಿರುವುಮುರುವು. ತಪ್ಪುವುದಕ್ಕೆ ಮಗುವಿನ ಅಸಡ್ಡೆ ಕಾರಣವಲ್ಲ, ಲಿಪಿಯ ರಚನೆಯೇ ಹಾಗಿದೆ. 'ದ್ಯುತಿಸಂಶ್ಲೇಷಣೆ' ಎನ್ನುವ ಒಂದೇ ಪದದಲ್ಲಿ ಎರಡು ವಿಜಾತೀಯ ಒತ್ತು, ಒಂದು ಅನುಸ್ವಾರ ಇವೆ ಎನ್ನುವುದನ್ನೂ ಗಮನಿಸಿ.

ಯಾವ ಪಟ್ಟಿಯಲ್ಲಿ ತಪ್ಪು ಎರಡಕ್ಕಿಂತ ಹೆಚ್ಚಾಯಿತೋ ಅಲ್ಲಿಂದ ಕಲಿಸಲು ಶುರು. ಪಟ್ಟಿಗಳಲ್ಲಿ ತಪ್ಪಿಲ್ಲದೆ ಆದರೆ ತೀರಾ ನಿಧಾನವಾಗಿ ಓದುವ ಮಗುವಿಗೆ ಬೇಕಾದದ್ದು ವೇಗ. ಪರಿಚಿತವಾದ ಒಂದೇ ಪುಟವನ್ನು ನಾಲ್ಕು ದಿನ, ದಿನಕ್ಕೆ ಎರಡು ಸಲ ಗಟ್ಟಿಯಾಗಿ ಓದಲಿ. ವೇಗ ಅಳೆಯಲು ನಿಮಿಷಕ್ಕೆ ಎಷ್ಟು ಪದ ಎನ್ನುವ ಇಂಗ್ಲಿಷ್ ಮಾಪನ ನಮಗೆ ಹೊಂದುವುದಿಲ್ಲ. 'ಮರದಲ್ಲಿರುವುದರಿಂದ' ಎನ್ನುವುದು ನಮಗೆ ಒಂದು ಪದ. ಪದ ಬಿಟ್ಟು ಅಕ್ಷರ ಎಣಿಸಿ, ಇನ್ನೊಬ್ಬರೊಂದಿಗೆ ಹೋಲಿಸದೆ ಅದೇ ಮಗುವಿನ ಹೋದ ವಾರದ ಎಣಿಕೆಯೊಂದಿಗೆ ಹೋಲಿಸಿ.

ಅಲ್ಲಿಯವರೆಗೆ ಈ ಮಕ್ಕಳ ಆರು ನಿಮಿಷದ ಪ್ರಶ್ನೆ ಬಾಯಲ್ಲೇ ನಡೆಯಲಿ. ಬರೆಯಲಾರದ ಮಗುವಿಗೂ ನೆನಪಿನಿಂದ ತೆಗೆಯುವ ಅಭ್ಯಾಸ ಸಿಗಬೇಕು.

ಏಳನೇ ಬಿ ಸೆಕ್ಷನ್

ಎಲ್ಲರಿಗೂ ಧನ್ಯವಾದ. ಒತ್ತಕ್ಷರ ಅವರೇ, ಆ ನಾಲ್ಕು ಪಟ್ಟಿಯಿಂದಲೇ ಶುರು ಮಾಡುವುದು ಸರಿ ಎನಿಸುತ್ತಿದೆ. ಇನ್ನು ಮೂರು ಸಂದೇಹ. ಅಂಕವಿಲ್ಲ ಎಂದರೆ ಮಕ್ಕಳು ಬರೆಯುತ್ತಾರೆಯೇ? ದಿನಾ ಪರೀಕ್ಷೆ ಎಂದರೆ ಹೆದರುವ ಮಕ್ಕಳಿಗೆ ಏನು? ಮೂರನೆಯದು, ಸಮೀಕರಣದಂಥ ಪಾಠದಲ್ಲಿ ಶುರುವಿನಿಂದಲೇ ಏನೂ ಬಾರದ ಏಳೆಂಟು ಮಕ್ಕಳಿದ್ದಾರೆ. ಅವರಿಗೆ ನೆನಪಿಸಿಕೊಳ್ಳಲು ಏನಿದೆ?

ಕರಿಹಲಗೆ

ಅಂಕ ಕೊಟ್ಟ ಕ್ಷಣ ಪಕ್ಕದವರ ಪುಸ್ತಕ ನೋಡುವುದು ಶುರುವಾಗುತ್ತದೆ, ನಿಮ್ಮ ಕೈಗೆ ಸಿಗುವ ಎಣಿಕೆ ಸುಳ್ಳಾಗುತ್ತದೆ. ಈ ಆರು ನಿಮಿಷದ ಅರ್ಧ ಪ್ರಯೋಜನ ಮಗುವಿಗೆ, ಇನ್ನರ್ಧ ನಿಮಗೆ. ಎಣಿಕೆ ಸುಳ್ಳಾದರೆ ನಿಮ್ಮ ಅರ್ಧ ಹೋಯಿತು. ಬರೆಯಲಿ ಎನ್ನುವುದಕ್ಕೆ ಅಂಕಕ್ಕಿಂತ ಒಳ್ಳೆಯ ದಾರಿ ಎಂದರೆ ಎಸ್‌ಎಯಲ್ಲಿ ಒಂದೆರಡು ಪ್ರಶ್ನೆ ಇಲ್ಲಿಂದಲೇ ಬರುತ್ತವೆ ಎಂದು ಹೇಳಿ, ಹಾಗೇ ನಡೆದುಕೊಳ್ಳುವುದು.

ಭಯದ ವಿಷಯದಲ್ಲಿ ನೀವು ಅಂದುಕೊಂಡದ್ದಕ್ಕೆ ವಿರುದ್ಧವಾದದ್ದು ಕಂಡುಬಂದಿದೆ. ಅಗರ್ವಾಲ್ ಮತ್ತು ಸಂಗಡಿಗರು 2014ರಲ್ಲಿ ಇಂಥ ಕಿರುಪ್ರಶ್ನೆ ನಡೆಯುತ್ತಿದ್ದ ತರಗತಿಗಳ ಸುಮಾರು 1,400 ಶಾಲಾ ಮಕ್ಕಳನ್ನು ಕೇಳಿದಾಗ ಶೇ. 72 ಮಂದಿ ದೊಡ್ಡ ಪರೀಕ್ಷೆಯ ಭಯ ಕಡಿಮೆಯಾಯಿತು ಎಂದರು. ಇದು ಸಹಜ. ಭಯ ಕೂರುವುದು ವರ್ಕಿಂಗ್ ಮೆಮೊರಿಯಲ್ಲಿ (ಕೆಲಸದ ಹೊತ್ತಿನಲ್ಲಿ ಸಂಗತಿಗಳನ್ನು ಕ್ಷಣಕಾಲ ಹಿಡಿದಿಡುವ ನೆನಪು), ಲೆಕ್ಕ ಮಾಡುವ ಅದೇ ಜಾಗದಲ್ಲಿ. ಆಶ್‌ಕ್ರಾಫ್ಟ್ ಮತ್ತು ಕಿರ್ಕ್ 2001ರಲ್ಲಿ ತೋರಿಸಿದ್ದು ಇದು: ಗಣಿತದ ಭಯವಿರುವವರು ದಶಕ ಒಯ್ಯುವ ಕೂಡಿಕೆಯಂಥ, ನಡುವೆ ಏನನ್ನಾದರೂ ತಲೆಯಲ್ಲಿ ಹಿಡಿದಿಡಬೇಕಾದ ಲೆಕ್ಕಗಳಲ್ಲೇ ಹೆಚ್ಚು ಸೋಲುತ್ತಾರೆ. ಪ್ರಶ್ನೆ ದಿನದ ರೂಢಿಯಾದರೆ ಆ ಜಾಗ ಬಿಡುವಾಗುತ್ತದೆ. ಆದರೆ ಒಂದು ಷರತ್ತು: ಯಾರಿಗೆ ಎಷ್ಟು ತಪ್ಪಾಯಿತು ಎಂದು ಹೆಸರು ಹಿಡಿದು ಓದಬಾರದು, ನಿಲ್ಲಿಸಬಾರದು. ಹಾಗೆ ಒಂದು ಸಲ ಮಾಡಿದರೂ ಸಾಕು, ಮುಂದೆ ಎಂದೂ ಮಕ್ಕಳು ಗೊತ್ತಿಲ್ಲದ್ದನ್ನು ನಿಮಗೆ ತೋರಿಸುವುದಿಲ್ಲ.

40 ನಿಮಿಷದಲ್ಲಿ ಎಷ್ಟು ಹೊತ್ತು ತೆಗೆದಿಡಬಹುದು ಎಂದು ಮೊದಲು ಕೇಳಿದ್ದಿರಿ. ವಾರಕ್ಕೆ ಐದು ಪೀರಿಯಡ್ ಎಂದರೆ 30 ನಿಮಿಷ. ಬೋರ್ಡಿನಿಂದ ಪ್ರಶ್ನೋತ್ತರ ನಕಲು ಮಾಡಿಸುವುದನ್ನು ವಾರಕ್ಕೆ ಒಂದು ದಿನ ಬಿಟ್ಟರೆ ಅಷ್ಟು ಸಿಗುತ್ತದೆ.

ಬೆರಕೆ ಲೆಕ್ಕ

ಏನೂ ಬಾರದ ಏಳೆಂಟು ಮಕ್ಕಳಿಗೆ ಪ್ರಶ್ನೆಯೂ ಬೇಡ, ಬೆರಕೆಯೂ ಬೇಡ. ಅವರಿಗೆ ಬಿಡಿಸಿಟ್ಟ ಲೆಕ್ಕ ಬೇಕು. ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದಲ್ಲೇ ಇದನ್ನು ಪರೀಕ್ಷಿಸಿದ್ದರು. ಹೊಸಬರಿಗೆ ತಾವಾಗಿಯೇ ಬಿಡಿಸಲು ಬಿಡುವುದಕ್ಕಿಂತ, ಒಂದು ಬಿಡಿಸಿದ ಲೆಕ್ಕ ಒಂದು ಬಿಡಿಸಬೇಕಾದ ಲೆಕ್ಕ ಎಂದು ಜೋಡಿ ಜೋಡಿಯಾಗಿ ಕೊಟ್ಟರೆ ಕಡಿಮೆ ಹೊತ್ತಿನಲ್ಲಿ ಕಲಿಯುತ್ತಾರೆ. ವರ್ಕಿಂಗ್ ಮೆಮೊರಿಯಲ್ಲಿ ಒಂದು ಹೊತ್ತಿಗೆ ಹಿಡಿಯುವುದು ನಾಲ್ಕರ ಆಸುಪಾಸು ಎನ್ನುವುದು ಕೋವನ್ ಅವರ 2001ರ ಅಂದಾಜು. 3ಅ + 7 = 22 ಎನ್ನುವಲ್ಲಿ 'ಅ' ಎಂದರೇನು, ಏನನ್ನು ಮೊದಲು ಕಳೆಯಬೇಕು, ಎರಡೂ ಕಡೆ ಏಕೆ, 22ರಲ್ಲಿ 7 ಹೋದರೆ ಎಷ್ಟು ಎನ್ನುವಷ್ಟರಲ್ಲಿ ಆ ಜಾಗ ತುಂಬಿತು. ಕಲಿಯಲು ಜಾಗವೇ ಉಳಿಯಲಿಲ್ಲ.

ಕ್ರಮ ಹೀಗಿರಲಿ. ಮೊದಲ ದಿನ ಪೂರ್ತಿ ಬಿಡಿಸಿದ್ದು, ಪ್ರತಿ ಸಾಲಿನ ಪಕ್ಕದಲ್ಲಿ ಕಾರಣ:

3ಅ + 7 = 22
3ಅ = 15 (ಎರಡೂ ಕಡೆ 7 ಕಳೆದೆವು)
ಅ = 5 (ಎರಡೂ ಕಡೆ 3ರಿಂದ ಭಾಗಿಸಿದೆವು)
ತಾಳೆ: 3 × 5 + 7 = 22

ಮುಂದಿನ ಲೆಕ್ಕದಲ್ಲಿ ಕೊನೆಯ ಸಾಲು ಖಾಲಿ. ಅದರ ಮುಂದಿನದರಲ್ಲಿ ಕೊನೆಯ ಎರಡು ಸಾಲು ಖಾಲಿ. ನಾಲ್ಕನೆಯದು ಪೂರ್ತಿ ಅವರದೇ. ಕಾರಣವನ್ನು ಪುಟದ ಕೆಳಗೆ ಬೇರೆಯಾಗಿ ಬರೆಯದೆ ಅದೇ ಸಾಲಿನ ಪಕ್ಕದಲ್ಲಿ ಬರೆಯಿರಿ. ಕಣ್ಣು ಮೇಲೆ ಕೆಳಗೆ ಓಡಾಡುವುದರಲ್ಲೇ ಆ ನಾಲ್ಕರಲ್ಲಿ ಒಂದು ಜಾಗ ಹೋಗುತ್ತದೆ. 'ಆ ಕಡೆ ಹೋದರೆ ಚಿಹ್ನೆ ಬದಲಾಗುತ್ತದೆ' ಎನ್ನುವ ಅಡ್ಡದಾರಿಯನ್ನು ಈ ಹಂತದಲ್ಲಿ ಹೇಳಿಕೊಡಬೇಡಿ. 3ಅ = 15 ಬಂದಾಗ ಅದೇ ನಿಯಮ ಹಿಡಿದು 3ನ್ನು ಆ ಕಡೆ ಕಳುಹಿಸಿ 15ರಿಂದ ಕಳೆಯುತ್ತಾರೆ, ಉತ್ತರ 12 ಬರುತ್ತದೆ. ಈ ತಪ್ಪು ನಿಮ್ಮ ಉತ್ತರಪತ್ರಿಕೆಗಳಲ್ಲಿ ಖಂಡಿತ ಸಿಗುತ್ತದೆ.

ಇದೇ ಬಿಡಿಸಿದ ಲೆಕ್ಕಗಳನ್ನು ಈಗಾಗಲೇ ಬರುವ ಮಕ್ಕಳಿಗೆ ಕೊಟ್ಟರೆ ಅವರ ಕಲಿಕೆ ನಿಧಾನವಾಗುತ್ತದೆ. ಕಲ್ಯೂಗ ಮತ್ತು ಸಂಗಡಿಗರು 2003ರಲ್ಲಿ ಇದಕ್ಕೆ ಹೆಸರೇ ಕೊಟ್ಟಿದ್ದಾರೆ, ಪರಿಣತಿ ಬಂದಾಗ ಫಲ ತಿರುಗುಮುರುಗಾಗುವುದು ಎಂದು. ಹಾಗಾಗಿ 42 ಮಕ್ಕಳಿಗೂ ಒಂದೇ ಹಾಳೆ ಬೇಡ, ಎರಡು ಹಾಳೆ ಮಾಡಿ.

ಮಧ್ಯಾಹ್ನದ ಬಿಸಿಲು

ಪೋಷಕರ ಕಡೆಯಿಂದ ಒಂದು ಚಿಕ್ಕ ಪ್ರಶ್ನೆ. ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಕೆಲವರು ಮಾಡಿ ಕಲಿಯುವವರು ಎನ್ನುತ್ತಾರಲ್ಲ. ಆ ಪ್ರಕಾರ ಮಕ್ಕಳನ್ನು ವಿಂಗಡಿಸಿ ಮನೆಯಲ್ಲಿ ಓದಿಸಿದರೆ ಇದೆಲ್ಲ ಸುಲಭವಾಗುವುದಿಲ್ಲವೇ?

ಕರಿಹಲಗೆ

ಇಲ್ಲ. ಪ್ಯಾಶ್ಲರ್, ಮೆಕ್‌ಡೇನಿಯಲ್, ರೋರರ್, ಬ್ಯೋರ್ಕ್ ಈ ನಾಲ್ವರು 2008ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ತೆಗೆದು ನೋಡಿದರು. ಮಗುವಿನ ಶೈಲಿಗೆ ತಕ್ಕಂತೆ ಪಾಠ ಬದಲಿಸಿದರೆ ಕಲಿಕೆ ಹೆಚ್ಚುತ್ತದೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಮಕ್ಕಳಿಗೆ ಇಷ್ಟ ಎನ್ನುವುದು ಇರಬಹುದು, ಆದರೆ ನಕ್ಷೆಯನ್ನು ನೋಡಿಯೇ ಕಲಿಯಬೇಕು, ಉಚ್ಚಾರಣೆಯನ್ನು ಕೇಳಿಯೇ ಕಲಿಯಬೇಕು. ವಿಧಾನವನ್ನು ವಿಷಯ ಗೊತ್ತುಮಾಡುತ್ತದೆ. ಹಾಗೆ ವಿಂಗಡಿಸುವುದರಲ್ಲಿ ಒಂದು ಅಪಾಯವೂ ಇದೆ, 'ನನಗೆ ಓದಿ ಕಲಿಯಲು ಬರುವುದಿಲ್ಲ' ಎಂದು ಮಗು ನಂಬಿಬಿಡುತ್ತದೆ.

ಮನೆಯಲ್ಲಿ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸವಿದೆ. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ 30 ಚೀಟಿ ಮಾಡಿ. ಒಂದು ಬದಿ ಪ್ರಶ್ನೆ, ಹಿಂಬದಿ ಉತ್ತರ, ಮಗುವಿನ ಕೈಬರಹದಲ್ಲೇ. ಮೂರು ಡಬ್ಬಿ ಇಡಿ: ದಿನಾ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಸರಿ ಹೇಳಿದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಯಾವ ಡಬ್ಬಿಯಲ್ಲಿದ್ದರೂ ಮೊದಲನೆಯದಕ್ಕೆ. ದಿನಕ್ಕೆ ಹತ್ತು ನಿಮಿಷ ಸಾಕು. ಚೀಟಿ ತಿರುಗಿಸುವ ಮೊದಲು ಉತ್ತರವನ್ನು ಗಟ್ಟಿಯಾಗಿ ಹೇಳಲೇಬೇಕು. ಮನಸ್ಸಿನಲ್ಲೇ 'ಗೊತ್ತು' ಎಂದುಕೊಂಡು ತಿರುಗಿಸಿದರೆ ಅದು ಮತ್ತೆ ಓದಿದಂತೆಯೇ ಆಯಿತು. ಚೀಟಿಗಳಲ್ಲಿ ಬರೀ ವ್ಯಾಖ್ಯೆ ತುಂಬಬೇಡಿ, ಮೂರರಲ್ಲಿ ಒಂದಾದರೂ 'ಏಕೆ', 'ಹೀಗಾದರೆ ಏನಾಗುತ್ತದೆ' ಎಂದಿರಲಿ.

ನಿದ್ದೆಯನ್ನೂ ಕಡೆಗಣಿಸಬೇಡಿ. 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ಎನ್ನುವುದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯ ಸಲಹೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ ಓದಿಸುವುದಾದರೆ ರಾತ್ರಿ ಏಳರೊಳಗೆ ಮಲಗಿಸಿ. ಅದು ಆಗದ ಮಾತಾದರೆ ನಾಲ್ಕಕ್ಕೆ ಎಬ್ಬಿಸಬೇಡಿ.

ಒತ್ತಕ್ಷರ

ಹೊಗಳುವ ಬಗ್ಗೆ ಒಂದು ಸಾಲು ಸೇರಿಸುತ್ತೇನೆ, ಆ ಏಳೆಂಟು ಮಕ್ಕಳಿಗೆ ಬೇಕಾಗುತ್ತದೆ. ಮ್ಯೂಲರ್ ಮತ್ತು ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಕಂಡದ್ದು: 'ನೀನು ಜಾಣ' ಎಂದು ಹೊಗಳಿಸಿಕೊಂಡವರು ಒಮ್ಮೆ ಸೋತ ಮೇಲೆ ಬೇಗ ಕೈಬಿಟ್ಟರು, 'ಚೆನ್ನಾಗಿ ಶ್ರಮ ಹಾಕಿದೆ' ಎಂದು ಹೊಗಳಿಸಿಕೊಂಡವರು ಮುಂದುವರಿಸಿದರು. ಇದರ ಮೇಲೆ ಕಟ್ಟಿದ ದೊಡ್ಡ ದೊಡ್ಡ ಭರವಸೆಗಳು ಮಾತ್ರ ಅಷ್ಟಾಗಿ ನಿಂತಿಲ್ಲ. 2019ರಲ್ಲಿ ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ, ಬುದ್ಧಿ ಶ್ರಮದಿಂದ ಬೆಳೆಯುತ್ತದೆ ಎಂದು ಹೇಳಿಕೊಟ್ಟು ನಡೆಸಿದ ಅಧ್ಯಯನದಲ್ಲಿ ಹಿಂದುಳಿದ ಮಕ್ಕಳಿಗೆ ಆದ ಲಾಭ ನಿಜವಾದರೂ ಚಿಕ್ಕದು. ಆದ್ದರಿಂದ ಗೋಡೆಯ ಮೇಲೆ ಪ್ರೇರಣೆಯ ವಾಕ್ಯ ಅಂಟಿಸುವುದಕ್ಕಿಂತ 'ಹೋದ ವಾರ ಈ ಪಟ್ಟಿಯಲ್ಲಿ ಆರು ತಪ್ಪಿತ್ತು, ಈಗ ಎರಡು' ಎಂದು ಹಾಳೆ ತೋರಿಸಿ. ಹೊಗಳಿಕೆಯೂ ಮಾಹಿತಿಯೂ ಅದರಲ್ಲೇ ಬಂತು.

ಏಳನೇ ಬಿ ಸೆಕ್ಷನ್

ಹಾಗಾದರೆ ಯೋಜನೆ ಹೀಗೆ: ಮೊದಲ ವಾರ ಖಾಲಿ ಬಿಟ್ಟ ಮಕ್ಕಳಿಗೆ ನಾಲ್ಕು ಪಟ್ಟಿ. ಎರಡನೇ ವಾರದಿಂದ ಆರು ನಿಮಿಷ, ನಾಲ್ಕು ಪ್ರಶ್ನೆ. ಹೋಂವರ್ಕ್ ನಾಲ್ಕು ಹೊಸದು, ಆರು ಹಳೆಯದು. ಸಮೀಕರಣಕ್ಕೆ ಎರಡು ಹಾಳೆ. ಕೊನೆಯದಾಗಿ ಒಂದು: ಎಸ್‌ಎ-1 ಮುಗಿದು ದಸರಾ ರಜೆ ಬಂದರೆ ಎರಡು ಮೂರು ವಾರ ಎಲ್ಲ ನಿಂತುಹೋಗುತ್ತದೆ. ರಜೆಯಲ್ಲೂ ಹೋಂವರ್ಕ್ ಕೊಟ್ಟು ಸರಪಳಿ ಕಾಯ್ದುಕೊಳ್ಳಬೇಕೇ?

ಕರಿಹಲಗೆ

ಬೇಡ. ಆ 21 ದಿನದ ಅಂಕಿ ನೆನಪಿಸಿಕೊಳ್ಳಿ. ಮಾರ್ಚಿನ ಎಸ್‌ಎ-2ರ ದೃಷ್ಟಿಯಿಂದ ದಸರಾ ರಜೆ ತಾನಾಗಿಯೇ ಸಿಕ್ಕ ಒಳ್ಳೆಯ ಅಂತರ, ಆದರೆ ಬಂದ ಮೇಲೆ ಕೇಳಿದರೆ ಮಾತ್ರ. ಶಾಲೆ ತೆರೆದ ಮೊದಲ ಮೂರು ದಿನ ಹೊಸ ಪಾಠ ಹಿಡಿಯುವ ಮೊದಲು 6 ನಿಮಿಷದ ಬದಲು 15 ನಿಮಿಷ ತೆಗೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರತಿ ಪಾಠದಿಂದ ಎರಡೆರಡು ಪ್ರಶ್ನೆ, ಎಣಿಕೆ ಮೊದಲಿನಂತೆಯೇ. ಮೊದಲ ದಿನ ಎಣಿಕೆ ಬಹಳ ಕೆಳಗೆ ಇಳಿದಿರುತ್ತದೆ. ಉತ್ತರ ತಿದ್ದಿಸಿ, ಮೂರನೇ ದಿನ ಅವೇ ಪ್ರಶ್ನೆಗಳನ್ನು ಕ್ರಮ ಬದಲಿಸಿ ಮತ್ತೆ ಕೇಳಿ. ಮರೆತದ್ದನ್ನು ಮತ್ತೆ ಕಲಿಯಲು ಮೊದಲಿನಷ್ಟು ಹೊತ್ತು ಬೇಡ ಎನ್ನುವುದನ್ನು ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಅಳೆದು ತೋರಿಸಿದ್ದಾನೆ. ಮೂರನೇ ದಿನವೂ 20ರ ಕೆಳಗೆ ಉಳಿದ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಎಫ್‌ಎ-3ಕ್ಕೆ (ಮುಂದಿನ ರೂಪಣಾತ್ಮಕ ಪರೀಕ್ಷೆಗೆ) ಮೊದಲು ಮತ್ತೆ ಪಾಠ ಮಾಡಬೇಕಾದದ್ದು ಅವಷ್ಟೇ.